ಸೀಸದ ಪಟ್ಟಿ

“ಈ ಸಲ ಎಷ್ಟು ತೆಗೆಯಬೇಕು?” ವಾರಿಜಾ ಕತ್ತರಿ ಹಿಡಿದು ಕೇಳಿದಳು.

“ಒಂದು ಕಿಲೋ,” ಎಂದಳು ಮಗಳು ಹರ್ಷಿಣಿ. ಚೂಡಿದಾರದ ಬದಿ ಹೊಲಿಯುತ್ತಿದ್ದವಳು ತಲೆ ಎತ್ತಲಿಲ್ಲ.

ವಾರಿಜಾ ಬಟ್ಟೆಯ ಪಟ್ಟಿಯ ಹೊಲಿಗೆ ಬಿಚ್ಚಿ ಸೀಸದ ಗುಂಡುಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಗಂಡ ಗಣಪ ಬಲೆಗೆ ಕಟ್ಟಲು ತಂದಿಟ್ಟಿದ್ದ ಗುಂಡುಗಳು. ಬಲೆ ಮುಳುಗಿಸಬೇಕಾದ ಭಾರ ಹೆಂಡತಿಯ ಸೊಂಟ ಸೇರಿದ್ದು ಆ ಪಾಪದವನಿಗೆ ಗೊತ್ತೇ ಇರಲಿಲ್ಲ.

ಐದು ತಿಂಗಳ ಹಿಂದೆ ಮಣಿಪಾಲದ ಕ್ಲಿನಿಕ್ಕಿಗೆ ಮೊದಲ ಸಲ ಹೋದಾಗ ಅವಳ ಸೀರೆಯೊಳಗೆ ಆರು ಕಿಲೋ ಸೀಸವಿತ್ತು. ತೂಕ ಇಳಿಸುವ ಇಂಜೆಕ್ಷನ್ ಬೇಕೆಂದರೆ ಮೊದಲು ಸಾಕಷ್ಟು ತೂಕ ಇರಬೇಕಲ್ಲ! ಆಮೇಲೆ ಪ್ರತಿ ತಿಂಗಳೂ ಒಂದಿಷ್ಟು ಸೀಸ ತೆಗೆದು ತೂಕದ ಮಿಷನ್ ಹತ್ತುವುದು. ಡಾಕ್ಟರ್ ಫಿಯೋನಾ ಭೇಷ್ ಎಂದು ಮುಂದಿನ ತಿಂಗಳಿಗೆ ಔಷಧ ಬರೆಯುವುದು. ಇಷ್ಟಾದರೂ ವಾರಿಜಾಳ ಮೈಯಿಂದ ಒಂದು ಗ್ರಾಂ ಇಳಿದಿರಲಿಲ್ಲ. ಕಾಪು ಪೇಟೆಯಲ್ಲಿ ಮೂವತ್ತು ವರ್ಷ ಮೀನು ಮಾರಿ ಒಂದು ದಿನವೂ ತಕ್ಕಡಿಯಲ್ಲಿ ಮೋಸ ಮಾಡದವಳು ಈಗ ತಾನೇ ಕಳ್ಳತೂಕವಾಗಿದ್ದಳು. ನೆನೆದರೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

ಇಂದು ಬರೀ ತೂಕವಲ್ಲ. ಹೊಟ್ಟೆನೋವೆಂದು ಫೋನಿನಲ್ಲಿ ಹೇಳಿದ್ದಕ್ಕೆ ಡಾಕ್ಟರು ಪಿತ್ತಕೋಶದಲ್ಲಿ ಕಲ್ಲಿರಬಹುದೆಂದು ಸ್ಕ್ಯಾನಿಂಗ್ ಮಾಡಿಸಲು, ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು.

“ಚೀಟಿ ಬರೆದೆಯಾ? ನನಗೆ ಮರೆತುಹೋಗ್ತದೆ ಮಾರಾಯ್ತಿ.”

“ಬರೆದೆ ಅಮ್ಮ. ಬಲಬದಿ, ಪಕ್ಕೆಲುಬಿನ ಕೆಳಗೆ. ಬೆನ್ನಿಗೂ ಎಳೀತದೆ. ನಿನ್ನೆ ಮೂರು ಸಲ ವಾಂತಿ.”

ತಿಂಡಿ ತಿನ್ನದೆಯೇ ಇಬ್ಬರೂ ಬಸ್ ಹತ್ತಿದರು. ಕ್ಲಿನಿಕ್ಕಿನಲ್ಲಿ ಹರ್ಷಿಣಿ ಎಂದಿನಂತೆ ಹೊರಗಿನ ಬೆಂಚಿನಲ್ಲೇ ಕೂತಳು, ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು. ಒಳಗೆ ಬರುವವಳೇ ಅಲ್ಲ ಅವಳು.

ತೂಕ ಮತ್ತೊಂದು ಕಿಲೋ ಇಳಿದಿತ್ತು. ನರ್ಸ್ ಬೆನ್ನು ತಟ್ಟಿದಳು. ವಾರಿಜಾ ತಲೆ ತಗ್ಗಿಸಿ, ನೋವಿನ ವಿವರವನ್ನು ಡಾಕ್ಟರಿಗೆ ಓದಿ ಹೇಳಿದಳು.

“ನಿಮ್ಮ ನೋವು ಹೇಳ್ಲಿಕ್ಕೂ ಚೀಟಿ ಬೇಕಾ ಅಮ್ಮ?” ಡಾಕ್ಟರ್ ಫಿಯೋನಾ ನಕ್ಕರು.

ಸ್ಕ್ಯಾನಿಂಗಿಗೆ ಹೊಟ್ಟೆ ತೋರಿಸಬೇಕಲ್ಲ? ಶೌಚಾಲಯಕ್ಕೆ ಹೋಗಿ, ಪಟ್ಟಿ ಬಿಚ್ಚಿ ತನ್ನ ಕೈಚೀಲದ ತಳಕ್ಕೆ ತುರುಕಿದಳು. ಮೇಜಿನ ಮೇಲೆ ಮಲಗಿದಳು. ಕಲ್ಲು ಸಿಗಲಿ ದೇವರೇ ಎಂದು ಅವಳು ಬೇಡಿಕೊಂಡಳು. ಎಂಥ ಹುಚ್ಚು ಪ್ರಾರ್ಥನೆ!

ಸಿಗಲಿಲ್ಲ.

“ಪಿತ್ತಕೋಶ ಸರಿ ಉಂಟು, ಕಲ್ಲಿಲ್ಲ,” ಎಂದರು ಡಾಕ್ಟರು, ವರದಿ ನೋಡುತ್ತ. “ಬೇಗ ತೂಕ ಇಳಿದವರಿಗೆ ಕಲ್ಲಾಗುವುದುಂಟು, ಅದಕ್ಕೇ ಹೆದರಿದ್ದೆ. ಹಾಗೇನಾದರೂ ಆಗಿದ್ದರೆ ಇವತ್ತೇ ಅಡ್ಮಿಟ್ ಮಾಡ್ಬೇಕಿತ್ತು. ಅಂಥ ನೋವು ಇಟ್ಟುಕೊಂಡು ಮನೆಗೆ ಹೋದರೆ ಜೀವಕ್ಕೇ ಅಪಾಯ. ನಿಮಗೆ ಏನೂ ಇಲ್ಲ. ಆರಾಮಾಗಿ ಹೋಗಿ.”

ವಾರಿಜಾ ಏಳಲಿಲ್ಲ. ಎದ್ದುಹೋಗಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಸೀಸದ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಕೈಚೀಲಕ್ಕೆ ಕೈಹಾಕಿ, ಪಟ್ಟಿಯನ್ನು ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಗುಂಡುಗಳು ದಡಕ್ಕನೆ ಸದ್ದು ಮಾಡಿದವು.

“ಎಂತ ಇದು?”

“ನಾಲ್ಕು ಜನರ ಎದುರು ತೂಕದ ಮಿಷನ್ ಹತ್ತಲಿಕ್ಕೆ ನನ್ನ ಮಗಳಿಗೆ ನಾಚಿಕೆ, ಡಾಕ್ಟ್ರೇ. ಹಾಗಾಗಿ ನಾನು ಹತ್ತಿದೆ, ಅವಳಷ್ಟೇ ಭಾರ ಕಟ್ಟಿಕೊಂಡು. ಇಂಜೆಕ್ಷನ್ ಕೊಟ್ಟದ್ದೂ ಅವಳಿಗೇ.” ವಾರಿಜಾ ಬಾಗಿಲ ಕಡೆ ಕೈ ತೋರಿಸಿದಳು.

“ಚೀಟಿಯಲ್ಲಿರುವ ನೋವು ಹೊರಗೆ ಬೆಂಚಿನಲ್ಲಿ ಕೂತಿದೆ.”