ತೊಳೆದ ಮಡಕೆ

ಹೋಸಿಯತ್ ಮಡಕೆಯೊಳಗೆ ಮೊಣಕೈವರೆಗೆ ತೋಳಿಳಿಸಿ ಉಜ್ಜುತ್ತಿದ್ದಾಗ ಸೊಸೆ ಅನ್ಬರ್ ಅಲ್ಲಿರಲಿಲ್ಲ, ಎಲ್ಲರಿಗೂ ಚಹಾ ತರಲು ಹೋಗಿದ್ದಳು. ಹೋಗುವ ಮುಂಚೆ, "ಅಮ್ಮಾ, ಇದರ ಒಳಗಡೆ ಮಾತ್ರ ಮುಟ್ಬೇಡಿ. ನೀರೂ ಸೋಕಬಾರ್ದಂತೆ," ಎಂದು ಹೇಳಿಯೇ ಹೋಗಿದ್ದಳು. ಸೊಸೆಯ ಮಾತನ್ನು ಅತ್ತೆ ಕೇಳುವುದುಂಟೆ? ಹೋಸಿಯತ್‌ಗೆ ಅದು ಮೈಗಳ್ಳಿಯ ನೆಪದಂತೆ ಕೇಳಿಸಿತು.

ರಸ್ತೆ ಅಗಲ ಮಾಡುವಾಗ ಊರಾಚೆಯ ದಿಬ್ಬದಲ್ಲಿ ಹಳೆಯ ಕಾಲದ ಪಾತ್ರೆ ಪಗಡೆ ರಾಶಿ ರಾಶಿ ಸಿಕ್ಕಿದ್ದವು. ಅವನ್ನು ತೊಳೆದು ಜೋಡಿಸಲು ವಸ್ತು ಸಂಗ್ರಹಾಲಯದವರು ಗಾಜಿನ ಗೋಡೆಯ ಒಂದು ಪ್ರಯೋಗಾಲಯ ತೆರೆದಿದ್ದರು. ಯಾರು ಬೇಕಾದರೂ ಹೊರಗೆ ನಿಂತು ನೋಡಬಹುದು, ಮನಸ್ಸಿದ್ದವರು ಒಳಗೆ ಬಂದು ಕೈ ಹಾಕಬಹುದು. ಮದುವೆಗೆ, ಮನೆ ಕಟ್ಟುವುದಕ್ಕೆ ಹಶರ್ ಎಂದು ಒಟ್ಟಾಗಿ ದುಡಿಯುವ ಮೊಹಲ್ಲಾದ ಹೆಂಗಸರು ಭಾನುವಾರ ಇದಕ್ಕೂ ಬರತೊಡಗಿದರು. ಅನ್ಬರ್ ಚಳಿಗಾಲದಿಂದ ಒಂದು ವಾರವೂ ತಪ್ಪಿಸಿದವಳಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಸಾನೊಬರ್ ಯುಸುಪೋವ್ನಾ ಅವಳ ಕೈಯ ನಾಜೂಕು ಮೆಚ್ಚಿ, ವಸಂತದಿಂದ ಕಾಯಂ ಕೆಲಸ ಕೊಡುತ್ತೇನೆ ಎಂದಿದ್ದರು. ಅನ್ಬರ್ ಮನೆಯಲ್ಲಿ ಅಪ್ಪಣೆ ಕೇಳಿದ್ದಳು. ನೋಡೋಣ ಎಂದಿದ್ದಳು ಹೋಸಿಯತ್. ನೋಡುವುದಕ್ಕೆಂದೇ ಇವತ್ತು ಬಂದಿದ್ದಳು.

ನೋಡಿದರೆ ಸೊಸೆಯ ಮೇಜಿನ ಮೇಲೆ ಒಳಗೆಲ್ಲ ಸೀದು ಕರಿಕಟ್ಟಿದ ಮಡಕೆ. ಆ ಮೊಹಲ್ಲಾದಲ್ಲಿ ಸೊಸೆ ಎಂಥವಳೆಂದು ತಿಳಿಯಬೇಕಾದವರು ಅವಳ ಮುಖ ನೋಡುವುದಿಲ್ಲ, ನೆಟ್ಟಗೆ ಅಡುಗೆಮನೆಗೆ ಹೋಗಿ ಕಡಾಯಿಯ ತಳ ನೋಡುತ್ತಾರೆ. ಹೋಸಿಯತ್ ಮನೆಯ ಕಡಾಯಿಯಲ್ಲಿ ಇದುವರೆಗೆ ಯಾರ ಕಣ್ಣಿಗೂ ಮಸಿ ಬಿದ್ದಿರಲಿಲ್ಲ. ಈ ಕರಿ ಸಾವಿರ ವರ್ಷದ್ದಾದರೇನು, ಈಗ ಕೂತಿರುವುದು ತನ್ನ ಸೊಸೆಯ ಮುಂದೆ ತಾನೆ. ಊಟಕ್ಕೆ ಹೋದ ಜನ ಇನ್ನೇನು ಗಾಜಿನಾಚೆ ಬಂದು ನಿಲ್ಲುತ್ತಾರೆ. ಪಕ್ಕದ ಮನೆಯ ರಾನೊ ಮತ್ತು ಉಳಿದ ಹೆಂಗಸರು ಬೆನ್ನು ತಿರುಗಿಸಿ ಹರಟೆಯಲ್ಲಿದ್ದರು. ಹೋಸಿಯತ್ ಬ್ರಷ್ಷಿಗೆ ಬಗ್ಗದ್ದನ್ನು ಉಗುರಿನಿಂದ ಕೆರೆದು, ನೀರು ಹೊಯ್ದು ತೊಳೆದು, ಆ ನೀರನ್ನು ಮೋರಿಗೆ ಚೆಲ್ಲಿ ನಿಟ್ಟುಸಿರುಬಿಟ್ಟಳು.

ಅನ್ಬರ್ ಚಹಾದ ಕೆಟಲ್ ಹಿಡಿದು ಬಂದಳು. ಅವಳ ಹಿಂದೆಯೇ ಯುಸುಪೋವ್ನಾ ಬಂದರು. ಮಡಕೆಯನ್ನೆತ್ತಿ ಬೆಳಕಿಗೆ ಹಿಡಿದವರು ಹಾಗೇ ಕುರ್ಚಿಯಲ್ಲಿ ಕುಸಿದರು. ಒಳಗಿದ್ದದ್ದು ಆ ಕಾಲದವರ ಒಲೆಯ ಮೇಲೆ ಸೀದುಹೋದ ಅಡುಗೆಯ ಕರಿ. ಅದನ್ನು ಒಂದಿಷ್ಟು ಕೆರೆದೊಯ್ಯಲು ನಾಳೆ ತಾಷ್ಕೆಂಟಿನಿಂದ ತಜ್ಞರು ಬರುವವರಿದ್ದರು. ಈ ನೆಲದ ಜನ ಆಗ ಏನು ಬೇಯಿಸಿ ಉಣ್ಣುತ್ತಿದ್ದರೆಂದು ಹೇಳಬಲ್ಲ ಇನ್ನೊಂದು ಪಾತ್ರೆ ಇಡೀ ದಿಬ್ಬದಲ್ಲಿ ಸಿಕ್ಕಿಲ್ಲ. ಇಷ್ಟನ್ನೂ ಅವರು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಇದನ್ನ ತೊಳೆದೋರು ಯಾರು?"

ಹೆಂಗಸರೆಲ್ಲ ತಿರುಗಿ ನೋಡಿದರು. ಅನ್ಬರ್ ಅತ್ತೆಯ ಒದ್ದೆ ತೋಳನ್ನೊಮ್ಮೆ ನೋಡಿ ಕೆಟಲ್ ಕೆಳಗಿಟ್ಟಳು.

"ನಾನೇ. ಮರೆತುಬಿಟ್ಟೆ."

ಹೋಸಿಯತ್‌ಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಯೇ, ಹಾಗೆ ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು.

ಯುಸುಪೋವ್ನಾ ಕೂಗಾಡಲಿಲ್ಲ. "ಬೇರೆ ಯಾರಾದ್ರೂ ಆಗಿದ್ರೆ ತಿಳೀದೆ ಮಾಡಿದ್ರು ಅಂತಿದ್ದೆ, ಅನ್ಬರ್. ನಿಂಗೆ ಎಲ್ಲಾ ಗೊತ್ತಿತ್ತು," ಎಂದು ಅವಳು ತೊಟ್ಟಿದ್ದ ಪ್ರಯೋಗಾಲಯದ ಏಪ್ರನ್ನಿಗಾಗಿ ಕೈ ಚಾಚಿದರು. ಇನ್ನು ಬರಬೇಡ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅನ್ಬರ್ ಬೆನ್ನಹಿಂದಿನ ಗಂಟಿಗೆ ಕೈ ಹಾಕಿದಳು. ಎಳೆದಷ್ಟೂ ಗಂಟು ಬಿಗಿಯಿತು. ಅದನ್ನು ನೋಡಲಾಗದೆ ಹೋಸಿಯತ್ ಬಾಯಿಬಿಟ್ಟಳು.

"ನಾನು ತೊಳ್ದಿದ್ದು. ಅವಳು ಬೇಡ ಅಂದ್ಲು, ನಾನೇ ತೊಳ್ದೆ."

ಯುಸುಪೋವ್ನಾ ಮುಖ ಸಡಿಲವಾಯಿತು. ಎದ್ದು ಬಂದು ಹೋಸಿಯತ್ ಭುಜದ ಮೇಲೆ ಕೈಯಿಟ್ಟರು. "ಸೊಸೆಗೋಸ್ಕರ ಇಷ್ಟು ದೊಡ್ಡ ತಪ್ಪನ್ನ ಮೈಮೇಲೆ ಹಾಕ್ಕೊಳ್ಳೋ ಅತ್ತೇನ ನಾನು ನೋಡಿಲ್ಲ, ಖಾಲಾ. ಆದ್ರೆ ಕ್ಷಮಿಸಿ, ಇಲ್ಲಿ ಅದು ನಡೆಯಲ್ಲ."

"ನಮ್ಮತ್ತೆ ಆಗಿದ್ರೆ ಇಲ್ಲೇ ಕೆನ್ನೆಗೆ ಬಾರಿಸಿರೋರು," ಎಂದು ರಾನೊ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. ಹೆಂಗಸರು ಒಬ್ಬೊಬ್ಬರಾಗಿ ಹೊಗಳತೊಡಗಿದರು. ಇಂಥ ಮನೆಗೆ ಹೆಣ್ಣು ಕೊಟ್ಟವರು ಪುಣ್ಯವಂತರು ಎಂದರು.

ಇನ್ನೊಂದು ಸಲ ಹೇಳಿದ್ದರೆ ನಂಬುತ್ತಿದ್ದರು. ಹೇಳುವುದೂ ಬೇಕಿರಲಿಲ್ಲ, ಉಗುರಿನ ಸಂದಿಯಲ್ಲೆಲ್ಲ ಆ ಕರಿ ಇನ್ನೂ ಮೆತ್ತಿಕೊಂಡಿತ್ತು, ಕೈ ಚಾಚಿ ತೋರಿಸಿದ್ದರೆ ಸಾಕಿತ್ತು. ಹೋಸಿಯತ್ ಎರಡೂ ಕೈಗಳನ್ನು ಅಂಗಿಯ ಉದ್ದ ತೋಳಿನೊಳಗೆ ಎಳೆದುಕೊಂಡಳು. ಹೊಗಳಿಕೆ ಕಿವಿಗೆ ಹಿತವಾಗಿಯೇ ಇತ್ತು. ಇಂಥವಳು ತಾನು ಎಂದು ಅವಳಿಗೇ ಇವತ್ತಿನವರೆಗೆ ತಿಳಿದಿರಲಿಲ್ಲ.

"ಸುಮ್ನೆ ನಿಂತಿದ್ದೀಯಲ್ಲೇ ಹುಡುಗಿ," ಎಂದಳು ರಾನೊ. "ಅತ್ತೆಗೆ ಸಲಾಮ್ ಮಾಡು."

ಕೊನೆಗೂ ಗಂಟು ಬಿಚ್ಚಿಕೊಂಡಿತ್ತು. ಅನ್ಬರ್ ಏಪ್ರನ್ನನ್ನು ಮಡಿಸಿ ಮೇಜಿನ ಮೇಲಿಟ್ಟು ಅತ್ತೆಯ ಮುಂದೆ ಬಂದಳು. ಮದುವೆಯ ಮರುದಿನ ಮಾಡಿದಂತೆಯೇ ಎದೆಯ ಮೇಲೆ ಕೈಯಿಟ್ಟು, ಕಣ್ಣೆತ್ತದೆ, ಸೊಂಟದವರೆಗೆ ಬಾಗಿದಳು. ಎಲ್ಲರೂ ಹರಸುವ ಮಾತಿಗೆ ಕಾದು ನಿಂತರು.

"ಸುಖವಾಗಿ ಬಾಳು, ಮಗಳೇ," ಎಂದಳು ಹೋಸಿಯತ್, ಕೈಯನ್ನು ಅಂಗಿಯ ತೋಳಿನಿಂದ ಹೊರಗೆ ತೆಗೆಯದೆ.