ರಾಣಿಯ ಪಾತ್ರಕ್ಕೆ ನೀಲವ್ವನ ದನಿ

ಈ ಭಾನುವಾರದ ರೇಡಿಯೋ ನಾಟಕಕ್ಕೆ ದನಿ ಕೊಡುವ ಸರದಿ ನೀಲವ್ವನದು. ಬೆಳಿಗ್ಗೆಯೇ ಅಂಚೆಯವನು ಬಂದು ಅವಳ ದನಿಯನ್ನು ಡಬ್ಬಿಗೆ ತುಂಬಿಸಿಕೊಂಡು ಹೋಗಿದ್ದ. ನಾಟಕ ಮುಗಿದರೆ ಅದು ತಾನಾಗಿಯೇ ಗಂಟಲಿಗೆ ಮರಳುತ್ತದೆ. ಅಲ್ಲಿಯವರೆಗೆ ಕೈಸನ್ನೆಯೇ ಗತಿ. ಊರಿಗೆಲ್ಲ ಇದು ರೂಢಿ.

ಗಂಡ ಫಕೀರಪ್ಪ ಉಂಡು ಕೈತೊಳೆದು ರೇಡಿಯೋ ಮುಂದೆ ಕೂತಿದ್ದ. ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಇದೇ ನಾಟಕದ ರಾಜನಾಗಿ ಮೆರೆದವನು; ಎಲ್ಲರ ಮಾತೂ ಅವನಿಗೆ ಬಾಯಿಪಾಠ. ಈಗ ರಾಣಿ ‘ಗೆದ್ದು ಬನ್ನಿ’ ಎಂದು ರಾಜನನ್ನು ಯುದ್ಧಕ್ಕೆ ಬೀಳ್ಕೊಡಬೇಕು.

“ಪ್ರಭು, ಈ ನಲವತ್ತು ವರ್ಷಗಳಲ್ಲಿ ‘ನಿನ್ನ ಊಟವಾಯಿತೇ’ ಎಂದು ಒಮ್ಮೆಯಾದರೂ ಕೇಳಿದಿರಾ?” ಎಂದಿತು ನೀಲವ್ವನ ದನಿ.

ಫಕೀರಪ್ಪ ಬೆಪ್ಪಾದ. ಈ ಮಾತು ನಾಟಕದಲ್ಲಿಲ್ಲ. ಯಾರಾದರೂ ಹೊಸದಾಗಿ ಸೇರಿಸಿದರೋ, ದನಿಯೇ ಹಟ ಹಿಡಿಯಿತೋ?

“ಏ ನೀಲವ್ವ, ಈ ಮಾತು ರಾಣೀದೋ, ನಿಂದೋ?”

ನೀಲವ್ವ ಅವನ ಎಂಜಲು ತಟ್ಟೆ ಎತ್ತಿಕೊಂಡಳು.

ರೇಡಿಯೋದಲ್ಲಿ ರಾಜನೂ ತೆಪ್ಪಗಿದ್ದ. ಹಾರ್ಮೋನಿಯಂ ನಿಂತಿತು. ರಂಗದ ಮೇಲೆ ಎದುರಿನವರು ಮಾತು ತಪ್ಪಿದರೆ ಆಟ ನಿಲ್ಲಿಸಬಾರದು, ಕೂಡಲೇ ಎತ್ತಿಕೊಳ್ಳಬೇಕು ಎಂದು ಕಂಪನಿ ಕಲಿಸಿತ್ತು. ಫಕೀರಪ್ಪ ಗಂಟಲು ಸರಿಮಾಡಿಕೊಂಡ. ರೇಡಿಯೋ ನೋಡಬೇಕೋ ಹೆಂಡತಿಯನ್ನು ನೋಡಬೇಕೋ ತಿಳಿಯದೆ, ನಡುವಿನ ಗೋಡೆಯನ್ನು ಕೇಳಿದ:

“ನಿಂದು ಊಟ ಆತೇನ?”

ನೀಲವ್ವ ತಟ್ಟೆ ಹಿಡಿದು ನಿಂತೇ ಇದ್ದಳು. ಊರಿಗೆಲ್ಲ ಕೇಳುವಂತೆ ರೇಡಿಯೋ ಹೇಳಿತು:

“ಇನ್ನೂ ಇಲ್ಲ, ಪ್ರಭು.”