ಯಾರು ತಂದ ಗುಳ್ಳೆ

ಕ್ಲಿನಿಕ್ಕಿನ ಬೆಂಚಿನ ಮೇಲೆ ಗಂಡನಿಗೂ ತನಗೂ ನಡುವೆ ಟೇಲರಮ್ಮ ಕೈಚೀಲವನ್ನು ಗಡಿಕಲ್ಲಿನಂತೆ ನೆಟ್ಟಳು. ಸರಿದು ಕೂರು ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವನೇ ಸರಿದ. ತಪ್ಪು ಮಾಡಿದವರಿಗೆ ಸನ್ನೆ ಬೇಗ ಅರ್ಥವಾಗುತ್ತದೆ ಎಂದುಕೊಂಡಳು.

ಅವನು ನಲ್ಲಿ ರಿಪೇರಿಯವನು. ಇಬ್ಬರಿಗೂ ಮದುವೆಯಾಗಿ ವರ್ಷ ದಾಟಿತ್ತು. ಇವತ್ತಿನ ರಿಪೋರ್ಟ್ ಅವನ ವಿರುದ್ಧ ಬಂದರೆ ಸಂಸಾರವೂ ಇವತ್ತಿಗೇ ಮುಗಿದಂತೆ. ಅವನ ಬಟ್ಟೆಬರೆ, ನಲ್ಲಿ ಬಿಚ್ಚುವ ಪಾನಾಗಳ ಚೀಲ ಬೆಳಿಗ್ಗೆಯೇ ಮೆಟ್ಟಿಲ ಬುಡಕ್ಕೆ ಇಳಿದಾಗಿತ್ತು. ಇಳಿಸಿದವಳು ಟೇಲರಮ್ಮನ ತಂಗಿ. ಮೊದಲಿನಿಂದಲೂ ಅಕ್ಕನ ಮನೆಯಲ್ಲೇ ಇದ್ದವಳು. ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ ಅವಳದು, ಮನೆಯಲ್ಲಿ ಮಾತಿನ ಕೆಲಸ.

"ಬಚ್ಚಲಿಗಿಳಿದವನ ಕಾಲಾದ್ರೂ ತೊಳೆಸಬಹುದು ಅಕ್ಕಾ, ಇವನದ್ದು ಏನು ತೊಳೆಸ್ತೀಯ?" ಎಂದಳು ಅಕ್ಕನ ಪಕ್ಕದಲ್ಲೇ ಕೂತಿದ್ದ ತಂಗಿ, ಅವನಿಗೆ ಕೇಳುವಷ್ಟೇ ಮೆಲ್ಲಗೆ.

"ನಾನು ಮನೆಮನೆಗೆ ಹೋಗೋದು ನಿಜ ಕಣೇ," ಎಂದ ಅವನು, ಹೆಂಡತಿಯ ಕಡೆ ನೋಡದೆ. "ಆದ್ರೆ ಹೋದಲ್ಲೆಲ್ಲ ಸಿಂಕ್ ಕೆಳಗೆ ತಲೆ ಇಟ್ಟಿರ್ತೀನಿ. ಬೇರೆ ಏನು ಇಡೋಕೂ ಅಲ್ಲಿ ಜಾಗ ಇರಲ್ಲ."

"ನೋಡು, ಇದು ಇವನ ಸಂಸ್ಕಾರ!" ತಂಗಿ ಮುಖ ತಿರುಗಿಸಿದಳು. ಅವನನ್ನು ಅವಳು ಒಮ್ಮೆಯೂ ಭಾವ ಎಂದು ಕರೆದಿರಲಿಲ್ಲ. ಮದುವೆಯ ದಿನವೇ ಹೇಳಿಬಿಟ್ಟಿದ್ದಳು: "ಭಾವ ಅಂದ್ರೆ ನನಗೆ ಒಬ್ಬರೇ. ಅವರು ಹೋದರು."

ಹೋದವರು ಟೇಲರಮ್ಮನ ಮೊದಲ ಗಂಡ. ಕಾಲೇಜಿನಲ್ಲಿ ನೀತಿಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು. ತೀರಿಕೊಂಡು ಎಂಟು ವರ್ಷವಾದರೂ ಮನೆಯಲ್ಲಿ ಅವರದೇ ಆಡಳಿತ. ಇವನು ಊಟಕ್ಕೆ ಕೂತು ಸದ್ದು ಮಾಡಿದರೆ ಅವರು ಸದ್ದು ಮಾಡುತ್ತಿರಲಿಲ್ಲ. ಇವನು ಚಡ್ಡಿಯಲ್ಲೇ ಮನೆಯೆಲ್ಲ ಓಡಾಡಿದರೆ, ಅವರು ಎಂಥ ಮರ್ಯಾದಸ್ಥರು! ಹನ್ನೊಂದು ವರ್ಷದ ಸಂಸಾರದಲ್ಲಿ ದೀಪವಿದ್ದಾಗ ಹೆಂಡತಿಯ ಎದುರು ಪಂಚೆ ಸಡಿಲಿಸಿದವರಲ್ಲ.

ಈ ಸಂಕಟ ಶುರುವಾದದ್ದು ಒಂದು ಚುಳುಚುಳುವಿನಿಂದ. ಹೊಸ ಒಳಚಡ್ಡಿಯ ಎಲಾಸ್ಟಿಕ್ ಉಜ್ಜಿರಬೇಕು ಎಂದುಕೊಂಡಳು ಟೇಲರಮ್ಮ. ಮರುದಿನ ಅಲ್ಲೇ ಒತ್ತೊತ್ತಾಗಿ ನೀರುಗುಳ್ಳೆ ಎದ್ದವು. ಒಡೆದು ಹುಣ್ಣಾದವು. ಮೂತ್ರಕ್ಕೆ ಹೋದರೆ ಪ್ರಾಣ ಹೋಗುವ ಉರಿ. ಡಾಕ್ಟರಮ್ಮ ಹುಣ್ಣಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು, ಗಂಡಹೆಂಡಿರಿಬ್ಬರ ರಕ್ತವನ್ನೂ ಎಳೆದು, "ಹರ್ಪಿಸ್ ಇರಬಹುದು," ಎಂದಿದ್ದರು.

ಟೇಲರಮ್ಮ ಫೋನಿನಲ್ಲಿ ಓದಿದಳು. ಸೋಂಕು ತಗುಲಿದ ಎರಡು ವಾರದೊಳಗೆ ಗುಳ್ಳೆ ಏಳುತ್ತದಂತೆ. ಅಷ್ಟು ಸಾಕಾಯಿತು. ಗುಳ್ಳೆ ಎದ್ದ ದಿನದಿಂದ ಹಿಂದಕ್ಕೆ ಟೇಪು ಹಿಡಿದಳು. ಆ ಎರಡು ವಾರವೂ ಗಂಡ ಹೆಂಗಸರ ಹಾಸ್ಟೆಲ್ಲಿನಲ್ಲಿ ಪೈಪು ಬದಲಿಸುತ್ತಿದ್ದ. ಊರವರ ಸೊಂಟವನ್ನು ಕಣ್ಣಳತೆಯಲ್ಲೇ ಹೇಳುವವಳಿಗೆ ಇಷ್ಟು ಲೆಕ್ಕ ತಪ್ಪೀತೇ?

ಒಳಗೆ ಕರೆದರು. ತಂಗಿಯೂ ಎದ್ದಳು.

"ಇದು ನಿಮ್ಮ ಖಾಸಗಿ ವಿಷಯ," ಎಂದರು ಡಾಕ್ಟರಮ್ಮ.

"ಅವಳೂ ಕೇಳಲಿ. ನಾಳೆ ಇವನು ಮಾತು ತಿರುಚಿದ್ರೆ ಸಾಕ್ಷಿ ಬೇಕಲ್ಲ," ಎಂದಳು ಟೇಲರಮ್ಮ.

ಡಾಕ್ಟರಮ್ಮ ಕನ್ನಡಕ ಏರಿಸಿದರು. "ನಿಮಗೆ ಹರ್ಪಿಸ್ ಇರೋದು ಖಚಿತ. ಇವರ ರಕ್ತದಲ್ಲಿ ಅದರ ಸುಳಿವೂ ಇಲ್ಲ."

ನಲ್ಲಿಯವನು ತಲೆ ಎತ್ತಿದ.

"ಪರೀಕ್ಷೆ ತಪ್ಪಿರಬೇಕು ಡಾಕ್ಟ್ರೇ. ಮೊನ್ನೆ ಮೊನ್ನೆ ತಂದು ಅಂಟಿಸಿದ್ದಾನೆ," ಎಂದಳು ಟೇಲರಮ್ಮ.

"ಮೊನ್ನೆಯದಲ್ಲಮ್ಮ. ಹೊಸದಾಗಿ ತಗುಲಿದ್ರೆ ರಕ್ತ ಅದರ ವಿರುದ್ಧ ಪ್ರತಿಕಾಯ ಮಾಡೋಕೆ ವಾರಗಟ್ಟಲೆ ಬೇಕು. ನಿಮ್ಮಲ್ಲಿ ಗುಳ್ಳೆ ಎದ್ದಾಗಲೇ ಅದು ತಯಾರಾಗಿ ಕೂತಿತ್ತು. ಎಂದು ಬಂತು ಅಂತ ಹೇಳೋಕಾಗಲ್ಲ. ಹಳೇದು ಅಂತ ಹೇಳಬಹುದು. ಈ ವೈರಸ್ಸು ನರದ ಬುಡದಲ್ಲಿ ವರ್ಷಗಟ್ಟಲೆ ಮಲಗಿರುತ್ತೆ. ಎಷ್ಟೋ ಜನಕ್ಕೆ ಇರೋದೇ ಗೊತ್ತಾಗಲ್ಲ."

"ಟವೆಲ್ಲು, ಕಕ್ಕಸು..."

"ಅದರಿಂದೆಲ್ಲ ಬರಲ್ಲ. ಮೈಗೆ ಮೈ ತಾಗಬೇಕು. ಕೊಟ್ಟವರ ಮೈಮೇಲೆ ಆ ದಿನ ಗುಳ್ಳೆ ಇರಲೇಬೇಕು ಅಂತಲೂ ಇಲ್ಲ. ಪೂರ್ತಿ ಹೋಗೋ ಕಾಯಿಲೆ ಅಲ್ಲ, ಆದ್ರೆ ಮಾತ್ರೆ ತಗೊಂಡ್ರೆ ಹತೋಟಿಯಲ್ಲಿರುತ್ತೆ. ಹುಣ್ಣಿದ್ದಾಗ ದೂರ ಇರಿ, ಉಳಿದಾಗ ಕಾಂಡೋಮ್ ಬಳಸಿ. ಕಾಪಾಡಬೇಕಾದ್ದು ಇವರನ್ನ. ಮೂರು ತಿಂಗಳಿಗೆ ಇವರ ರಕ್ತ ಇನ್ನೊಮ್ಮೆ ನೋಡೋಣ."

ನಲ್ಲಿಯವನಿಗೆ ಗೆದ್ದ ಮುಖ ಮಾಡುವುದು ಗೊತ್ತಿರಲಿಲ್ಲ. "ಔಷಧಿ ಬರೆದುಕೊಡಿ ಡಾಕ್ಟ್ರೇ. ತುಂಬಾ ಉರಿ ಅಂತಾಳೆ," ಎಂದಷ್ಟೇ ಹೇಳಿದ.

ಟೇಲರಮ್ಮನಿಗೆ ಅದು ಹೊಡೆತಕ್ಕಿಂತ ಜೋರಾಗಿ ತಾಗಿತು. ಅವಳ ಬದುಕಿನಲ್ಲಿ ಇದ್ದದ್ದು ಇಬ್ಬರೇ ಗಂಡಸರು. ಒಬ್ಬ ಪಕ್ಕದಲ್ಲಿ ಕೂತಿದ್ದ, ಶುದ್ಧನಾಗಿ.

"ಮುಂಚೆ ಒಂದು ಮದುವೆ ಆಗಿತ್ತು ಅಂದಿದ್ರಲ್ಲ," ಡಾಕ್ಟರಮ್ಮ ಮೆಲ್ಲಗೆ ಕೇಳಿದರು. "ಅವರಿಗೆ ಈ ಥರ ಆಗಾಗ ಗುಳ್ಳೆ ಏಳ್ತಿತ್ತಾ? ಸೊಂಟದ ಕೆಳಗೆ, ತೊಡೆಸಂದಿಯಲ್ಲಿ?"

"ನಂಗೊತ್ತಿಲ್ಲ ಡಾಕ್ಟ್ರೇ," ಟೇಲರಮ್ಮನ ದನಿ ಬಾವಿಯೊಳಗಿಂದ ಬಂತು. "ನಾನು ಯಾವತ್ತೂ ನೋಡಿಲ್ಲ."

ತಂಗಿ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದಳು. "ದೇವರಂಥ ಮನುಷ್ಯನ ಮೇಲೆ ಹಾಕಬೇಡಿ! ಭಾವನದ್ದು ಬರೀ ಉಷ್ಣ. ಎಡತೊಡೆಯ ಸಂದಿಯಲ್ಲಿ ನಾಲ್ಕೇ ನಾಲ್ಕು ಗುಳ್ಳೆ, ನಾನೇ ಬೆಣ್ಣೆ ಹಚ್ತಿದ್ದೆ, ವಾರದಲ್ಲಿ ಒಣಗಿ ಹೋಗೋದು!"